ದೋಣಿಯ ಎಣ್ಣೆ, ಕುದುರೆಯ ಮೈ

ಕುದುರೆ ಮೊದಲು ಮೈ ಉಜ್ಜಿಕೊಂಡದ್ದು ತೆಂಗಿನ ಮರಕ್ಕೋ, ಕೊಟ್ಟಿಗೆಯ ಕಂಬಕ್ಕೋ ನೆನಪಿಲ್ಲ. ಮರಕ್ಕೆ ಎಂದು ಒಮ್ಮೆ ಬರೆದಿದ್ದೆ. ಓದಲು ಚೆನ್ನಾಗಿತ್ತು, ಅದಕ್ಕೇ ಅನುಮಾನ ಬಂದು ಹೊಡೆದುಹಾಕಿದೆ. ಖಚಿತವಾಗಿ ನೆನಪಿರುವುದು ಇಷ್ಟು: ಬಿಳಿ ಹೆಣ್ಣು ಕುದುರೆ, ಕುತ್ತಿಗೆಯ ಕೂದಲು ಉದುರಿ ಕೆಂಪಾದ ಚರ್ಮ, ಬಾಲದ ಬುಡದಲ್ಲಿ ರಕ್ತ, ಅದರ ಮೇಲೆ ನೊಣ.

ಕುದುರೆ ಅಕ್ಕನ ಗಂಡನದ್ದು. ತ್ರಾಸಿಯಲ್ಲಿ ಅವರ ಮನೆ, ಹೆದ್ದಾರಿಯ ಪಕ್ಕ. ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಮದುಮಗ ಕುದುರೆಯ ಮೇಲೆ ಬರಬೇಕು ಎಂಬ ಆಸೆ ನಮ್ಮ ಕಡೆಯ ಹೋಟೆಲಿನವರಿಗೆ ಹತ್ತಿದ ವರ್ಷಗಳು ಅವು. ಭಾವ ದೋಣಿ ಕೊಟ್ಟು ಕುದುರೆ ತಂದರು. ಮದುವೆ ಇಲ್ಲದ ದಿನ ಮಕ್ಕಳನ್ನು ಅದರ ಮೇಲೆ ಕೂರಿಸಿ ಕಡಲ ಮರಳಿನಲ್ಲಿ ಓಡಾಡಿಸುವುದು. ಮುಂಬಯಿಯ ಕ್ಯಾಂಟೀನು ಬಿಟ್ಟು ಬಂದಿದ್ದ ನಾನು ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದೆ. ಹಾಗಾಗಿ ಕುದುರೆಯ ಹುಲ್ಲು, ನೀರು, ಸ್ನಾನ ನನ್ನ ಪಾಲಿಗೆ ಬಂತು.

ಕುಂದಾಪುರದಿಂದ ಬಂದ ದನದ ಡಾಕ್ಟ್ರು ಗಾಯವನ್ನು ಮುಟ್ಟಲಿಲ್ಲ. ಸುತ್ತ ನೋಡಿದರು. ರಸ್ತೆಗೆ ಕಾಣುವ ಹಾಗೆ ಹೊಳೆಯ ಬದಿಗೆ ಹಾಕಿದ ಕೊಟ್ಟಿಗೆ, ಕೆಸರು, ಸಂಜೆಯ ನುಸಿ.

"ಕುದ್ರಿಗೆ ರೋಗ ಇಲ್ಲೆ. ಈ ನುಸಿ ಕಚ್ಚುದ್ ಇದ್ರ ಮೈಗೆ ಆತಿಲ್ಲೆ, ಅಲರ್ಜಿ. ಕೊಟ್ಟಿಗಿ ಕಡ್ಲ್ ಬದಿಗೆ ಹಾಕಿ, ಅಲ್ಲ್ ಗಾಳಿ ಇತ್ತ್. ಬೆಳ್ಗೆ ಸಂಜಿ ಬಟ್ಟಿ ಹೊದ್ಸಿ. ಬರೀ ನೀರಂಗೆ ತೊಳಿರಿ. ಎಣ್ಣಿ ಗಿಣ್ಣಿ ಹಚ್ಬೇಡಿ."

ಅವರ ಜೀಪು ತಿರುಗುವ ಮೊದಲೇ ಭಾವ ನಕ್ಕರು. "ದನದ ಡಾಕ್ಟ್ರಿಗೆ ಕುದ್ರಿ ಎಂತ ಗೊತ್ತಿತ್ತ್? ಮನಿ ಹಿಂದ್ ಕಡ್ಲ್ ಬದಿ ಕಟ್ರೆ ಬಸ್ಸಂಗ್ ಹೋಪರಿಗೆ ಕಾಂತಾ? ಅಡಗ್ಸಿ ಇಡುಕೆ ತಂದದ್ದಾ ಇದನ್ನ?"

ಬ್ರಹ್ಮಾವರದಲ್ಲಿ ಒಂದು ದೊಡ್ಡ ಮದುವೆ ಒಪ್ಪಿಕೊಂಡಾಗಿತ್ತು. ಮೈ ತುರಿಸಿದರೆ ಕುದುರೆ ಎಲ್ಲೆಂದರಲ್ಲಿ ನಿಂತು ಕಂಡದ್ದಕ್ಕೆ ಒರಗಿ ಉಜ್ಜುತ್ತಿತ್ತು. ಮದುಮಗನನ್ನು ಗೋಡೆಗೆ ಒರೆಸಿದರೆ? "ದಿಬ್ಬಣದೊಳ್ಗೆ ತುರ್ಕಿ ನಿಲ್ದಿದ್ರೆ ಇದನ್ನ ಕಳ್ಸುದೇ" ಎಂದರು ಭಾವ. ಅವರು ಹೇಳಿದ್ದನ್ನು ಮಾಡುವವರು. ಕಳಿಸುವುದೆಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅದು ಹೋದರೆ ನಾನೂ ಹೋಗಬೇಕಾಗುತ್ತಿತ್ತು.

ಮೊದಲು ಮೀನೆಣ್ಣೆ ಹಚ್ಚಿದೆವು. ನುಸಿ ಸ್ವಲ್ಪ ದೂರವಾಯಿತು. ಆದರೆ ಊರಿನ ನಾಯಿಗಳೆಲ್ಲ ಬಂದು ಕುದುರೆಯ ಕಾಲು ನೆಕ್ಕತೊಡಗಿದವು. ಮೂರು ದಿನ ತೊಳೆದರೂ ವಾಸನೆ ಹೋಗಲಿಲ್ಲ. "ಮದಿಮಗ ಕುದ್ರಿ ಮೇಲ್ ಬತ್ನಾ, ಬೈಗಿ ಮೀನ್ ಬುಟ್ಟಿ ಮೇಲ್ ಬತ್ನಾ ಅಂತ ಕೇಂತ್ರ್ ಜನ" ಎಂದರು ನೆರೆಮನೆಯವರು.

ಮದುವೆಗೆ ಒಂದು ವಾರವಿತ್ತು. ಭಾವ ಅಟ್ಟದಿಂದ ತಗಡಿನ ಡಬ್ಬ ಇಳಿಸಿದರು. ದೋಣಿಯ ಕಾಲದ್ದು, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ದೋಣಿಯ ಹೊಟ್ಟೆಗೆ ಅದನ್ನು ಹಚ್ಚಿದರೆ ಮರಕ್ಕೆ ಹುಳ ಬೀಳುವುದಿಲ್ಲ. ಮೂವತ್ತು ವರ್ಷ ದೋಣಿ ಉಳಿಸಿದ ಮನುಷ್ಯನಿಗೆ ಹುಳ ಎಂದರೆ ಹುಳ, ಮೈ ಎಂದರೆ ಮೈ.

ಮುಂಬಯಿಯ ಗೆಳೆಯರಿಗೆ ಈ ಕತೆ ಹೇಳುವಾಗ ಇಲ್ಲಿ ನಾನು ಅಕ್ಕನನ್ನು ಬಸ್ರೂರಿಗೆ ಕಳಿಸಿಬಿಡುತ್ತಿದ್ದೆ, ಯಾವುದೋ ಸಂಬಂಧಿಕರ ಮನೆಗೆ. ಅವಳು ಮನೆಯಲ್ಲಿಲ್ಲದಿದ್ದರೆ ನಮಗೆ ಗೊತ್ತಿರಲಿಲ್ಲ ಎನ್ನಬಹುದು. ಅವಳು ಅಂಗಳದಲ್ಲೇ ಇದ್ದಳು. ಮದುವೆಗೆ ಮೊದಲು ಆರು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿದವಳು. ಬಂದು ಎರಡೂ ಅಂಗೈ ಬಿಡಿಸಿ ಗಂಡನ ಮುಖದ ಮುಂದೆ ಹಿಡಿದಳು.

"ಅದನ್ನ ಹಚ್ಬೇಡಿ. ಸುಡತ್ತ್. ನನ್ನ ಕೈ ಕಾಣಿ."

"ನಿನ್ನ ಕೈ ಕಂಡ್ಕಂಡೇ ಮದಿ ಆದ್ದ್ ನಾನ್" ಎಂದರು ಭಾವ. "ಹೋಯ್ ಗಂಜಿ ಬೇಯ್ಸ್."

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಅವಳು ನನ್ನನ್ನೇ ನೋಡಿ, ಒಳಗೆ ಹೋದಳು.

ಎಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ತೆಳ್ಳಗೆ ಮಾಡಿದೆವು. ಭಾವ ಮೂಗುದಾರದ ಹಾಗೆ ಹಗ್ಗವನ್ನು ಮುಖಕ್ಕೆ ಬಿಗಿದು ಹಿಡಿದರು. ಹಚ್ಚಿದ್ದು ನಾನು: ಕುತ್ತಿಗೆಯ ಮೇಲೆ, ಹೆಗಲಿನ ಗಾಯಗಳಿಗೆ, ಬಾಲದ ಬುಡಕ್ಕೆ. ಗೊತ್ತಿಲ್ಲದೆ ಆದದ್ದು ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಆದರೆ ಹಚ್ಚುವಾಗ ನನ್ನ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದೆ. ಮಣಿಕಟ್ಟಿನ ಹತ್ತಿರ ಬಾಳೆನಾರಿನಿಂದ ಬಿಗಿದು ಕಟ್ಟಿದ್ದೆ. ಇದೊಂದನ್ನು ಯಾವ ರೀತಿ ಬರೆದರೂ ಅದು ಬೇರೆಯಾಗುವುದಿಲ್ಲ.

ಮರುದಿನ ಹಚ್ಚಿದ ಜಾಗವೆಲ್ಲ ಬೊಕ್ಕೆ ಎದ್ದಿತ್ತು. ಮೂರನೆಯ ದಿನ ಚರ್ಮ ಕಪ್ಪಾಗಿ ಬಿರಿಯಿತು. ಕುದುರೆ ಎಲ್ಲಿಗೂ ಒರಗುತ್ತಿರಲಿಲ್ಲ. ಕೊಟ್ಟಿಗೆಯ ನಡುಮಧ್ಯೆ, ಯಾವುದನ್ನೂ ಮುಟ್ಟದೆ ನಿಂತಿರುತ್ತಿತ್ತು.

"ಕಾಣ್, ತುರ್ಸುದ್ ನಿಂತ್" ಎಂದರು ಭಾವ.

ಬ್ರಹ್ಮಾವರದಲ್ಲಿ ಗಾಯಗಳ ಮೇಲೆ ಜರಿಯ ಹೊದಿಕೆ ಹಾಕಿ, ಅದರ ಮೇಲೆ ಜೀನು ಬಿಗಿದೆವು. ಮದುಮಗ ದಪ್ಪದ ಆಸಾಮಿ, ಕರಿ ಕನ್ನಡಕ. ಅವನು ಕೂತ ಕೂಡಲೇ ಕುದುರೆ ಮುಂಗಾಲು ಎತ್ತಿ ಎತ್ತಿ ಇಟ್ಟಿತು, ಬೆನ್ನು ತಗ್ಗಿಸಿತು, ಪಕ್ಕಕ್ಕೆ ಸರಿಯಿತು.

"ಹ್ವಾಯ್, ಕಾಣಿ ಕಾಣಿ, ಕುದ್ರಿ ಕುಣಿತ್!" ಎಂದು ಯಾರೋ ಕೂಗಿದರು.

ಬ್ಯಾಂಡಿನವರು ಕೇಳಿಸಿಕೊಂಡು ಬಾರಿಸುವ ವೇಗ ಹೆಚ್ಚಿಸಿದರು. ಹೆಂಗಸರು ಮೊಬೈಲು ಹಿಡಿದರು. ಭಾವನಿಗೆ ಅದು ಅರ್ಥವಾಯಿತು, ನನಗೂ ಆಯಿತು. ಕುದುರೆ ನಿಂತಾಗೆಲ್ಲ ಅವರು ಹೊದಿಕೆಯ ಅಂಚನ್ನು ಮೆಲ್ಲಗೆ ಜಗ್ಗುತ್ತಿದ್ದರು. ಅದು ಮತ್ತೆ ಕುಣಿಯುತ್ತಿತ್ತು. ಎದುರಿನಿಂದ ಲಗಾಮು ಹಿಡಿದಿದ್ದ ನನಗೆ ಅದರ ಕಣ್ಣು ಕಾಣುತ್ತಿತ್ತು. ನಾನು ಬ್ಯಾಂಡಿನವರ ಕಡೆ ನೋಡುತ್ತಾ ನಡೆದೆ. ಮದುವೆ ಹಾಲ್ ತಲುಪಲು ಎಷ್ಟು ಹೊತ್ತಾಯಿತೋ ಹೇಳಲಾರೆ.

ಮದುವೆ ಹಾಲ್‌ನ ಹಿಂದೆ, ಅಡುಗೆಯವರು ಪಾತ್ರೆ ತೊಳೆಯುವಲ್ಲಿ, ಹೊದಿಕೆ ತೆಗೆಯಲು ಹೋದರೆ ಬರಲಿಲ್ಲ. ನೀರು ಹಾಕಿ ನೆನೆಸಿದೆವು. ಆಗಲೂ ಬರಲಿಲ್ಲ. ಭಾವ ಒಂದೇ ಸಲ ಎಳೆದರು. ಜರಿಯ ಒಳಬದಿಗೆ ಕುದುರೆಯ ಚರ್ಮ ಅಂಟಿಕೊಂಡಿತ್ತು. ಪಾತ್ರೆ ತೊಳೆಯುತ್ತಿದ್ದ ಹೆಂಗಸು ಎದ್ದು ಆಚೆ ಹೋಗಿ ಕೂತಳು.

ಆ ಮೈಯನ್ನು ಬಸ್ಸಿನವರು ನೋಡಬಾರದೆಂದು ಕೊಟ್ಟಿಗೆಯನ್ನು ಕಡಲ ಬದಿಗೆ ಹಾಕಿದೆವು. ಅಲ್ಲಿ ನುಸಿ ಇರಲಿಲ್ಲ. ಮಳೆಗಾಲದ ಹೊತ್ತಿಗೆ ಗಾಯ ಮಾಯಿತು, ತುರಿಕೆ ಮತ್ತೆ ಬರಲಿಲ್ಲ. ಕೂದಲೂ ಬರಲಿಲ್ಲ. ಕುತ್ತಿಗೆಯಿಂದ ಹೆಗಲಿನವರೆಗೆ ಸುಟ್ಟ ರೊಟ್ಟಿಯ ಹಾಗೆ ಇತ್ತು. ತಾಯಂದಿರು ಮಕ್ಕಳ ಕೈ ಹಿಡಿದು ದೂರದಿಂದಲೇ ತಿರುಗಿ ಹೋಗುತ್ತಿದ್ದರು. ಭಾವ ಹೇಳಿದ್ದನ್ನು ಮಾಡಿದರು.

ಬೈಂದೂರು ಕಡೆಯವನೊಬ್ಬ ಟೆಂಪೋ ತಂದ. ಕುದುರೆಯ ಸುತ್ತ ಒಂದು ಸುತ್ತು ಬಂದು, ಬೋಳಾದ ಜಾಗದ ಮೇಲೆ ಕೈ ಇಟ್ಟ. ಕುದುರೆ ನಡುಗಿತು.

"ಇದೆಂತ ಆದ್ದ್ ಮಾರಾಯ್ರೆ?" ಅವನು ಕೇಳಿದ್ದು ನನ್ನನ್ನು.

ಅಕ್ಕ ಬಾಗಿಲಲ್ಲಿದ್ದಳು. ಈ ಸಲವೂ ಅವಳನ್ನು ಬಸ್ರೂರಿಗೆ ಕಳಿಸಲು ಮನಸ್ಸಾಗುತ್ತದೆ.

"ನುಸಿ ಕಚ್ಚಿದ್ದ್" ಎಂದೆ.

"ಬರೀ ನುಸಿಯಾ?"

"ಇದ್ರ ಚರ್ಮವೇ ಸಮ ಇಲ್ಲೆ."

ಕುದುರೆ ಹಲಗೆ ಹತ್ತಲಿಲ್ಲ. ನಾನು ಹಿಂದಿನಿಂದ ಹೋಗಿ, ಬಾಲದ ಬುಡದಲ್ಲಿ, ಎಲ್ಲಿ ಮುಟ್ಟಿದರೆ ಹತ್ತುತ್ತದೆಂದು ಗೊತ್ತಿತ್ತೋ ಅಲ್ಲಿ ಕೈ ಒತ್ತಿದೆ. ಹತ್ತಿತು.