ಕಾಫಿಗೆ ಮುಂಚಿನ ಅರ್ಧ ಗಂಟೆ

ಮಾತ್ರೆ ಪೂರ್ತಿ ಕರಗುವುದಿಲ್ಲ. ನೀರಿನಲ್ಲಿ ಎಷ್ಟು ಕದಡಿದರೂ ಲೋಟದ ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಉಳಿದೇ ಇರುತ್ತದೆ. ಅದಕ್ಕೆ ಮತ್ತೆ ಸ್ವಲ್ಪ ನೀರು ಹಾಕಿ, ಲೋಟವನ್ನು ಅಲುಗಿಸಿ, ಅದನ್ನೂ ಕುಡಿಯಬೇಕು. ಅಪ್ಪ ಆ ಎರಡನೆಯ ಸಲದ ನೀರನ್ನು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು. ಆಮೇಲೆ ಗಡಿಯಾರ ನೋಡುತ್ತಿದ್ದರು. ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳುವ ಔಷಧ ಅದು. ಅರ್ಧ ಗಂಟೆ ಕಳೆಯುವವರೆಗೆ ಕಾಫಿ ಇಲ್ಲ.

ತಾಂಬರಂನ ನಮ್ಮ ಮನೆಯಲ್ಲಿ ಎದ್ದ ಕೂಡಲೇ ಕಾಫಿ ಕುಡಿಯದ ಮನುಷ್ಯರು ಅದುವರೆಗೆ ಇರಲಿಲ್ಲ. ಅಮ್ಮ ಡಿಕಾಕ್ಷನ್ ಇಳಿಸಿಟ್ಟು, ತಾನೂ ಕುಡಿಯದೆ, ಏನೋ ಕೆಲಸವಿದ್ದವಳಂತೆ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ಅಪ್ಪ ನಡುಮನೆಯಿಂದಲೇ, "ವಾಸನೆ ನೋಡಬಹುದಾ, ಇಲ್ಲಾ ಅದಕ್ಕೂ ಡಾಕ್ಟರ್ ಪರ್ಮಿಷನ್ ಬೇಕಾ?" ಎಂದು ಕೇಳುತ್ತಿದ್ದರು.

ಅಪ್ಪನ ಮೂಳೆಮಜ್ಜೆ ಸಾಕಷ್ಟು ರಕ್ತ ತಯಾರಿಸುವುದನ್ನು ನಿಲ್ಲಿಸಿತ್ತು. ಕೆಲವು ವಾರಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರುತ್ತಿದ್ದರು. ರಕ್ತದೊಂದಿಗೆ ಕಬ್ಬಿಣವೂ ಬರುತ್ತದೆ. ದೇಹಕ್ಕೆ ಕಬ್ಬಿಣವನ್ನು ಕೂಡಿಡುವುದು ಗೊತ್ತು. ಹೆಚ್ಚಾದದ್ದನ್ನು ಹೊರಗೆ ಹಾಕುವುದು ಗೊತ್ತಿಲ್ಲ. ಅದು ಯಕೃತ್ತಿನಲ್ಲಿ, ಆಮೇಲೆ ಹೃದಯದಲ್ಲಿ ಸೇರಿಕೊಂಡು ಅವನ್ನು ನಿಧಾನವಾಗಿ ಕೆಡಿಸುತ್ತದೆ. ಮಾತ್ರೆ ರಕ್ತಕ್ಕೆ ಸೇರಿ, ಸಡಿಲವಾಗಿ ಅಲೆಯುವ ಕಬ್ಬಿಣವನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿದದ್ದನ್ನು ಬಿಡದೆ ಪಿತ್ತದ ಜೊತೆ ಕರುಳಿಗೆ ಇಳಿಸಿ, ಮಲದಲ್ಲಿ ಹೊರಗೆ ಕಳಿಸುತ್ತದೆ. ಒಂದು ದಿನಕ್ಕೆ ಹೋಗುವುದು ಬಹಳ ಸ್ವಲ್ಪ. ಆದ್ದರಿಂದ ದಿನವೂ ಬೇಕು.

ನಾನು ರಸಾಯನಶಾಸ್ತ್ರ ಓದಿದವಳು. ಇದನ್ನೆಲ್ಲ ಅಪ್ಪನಿಗೆ ಪೇಪರಿನ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದೆ: ನಡುವೆ ಕಬ್ಬಿಣದ ಒಂದು ಕಣ, ಎರಡು ಕಡೆಯಿಂದ ಅದನ್ನು ತಬ್ಬಿದ ಔಷಧದ ಎರಡು ಅಣು. ಅಪ್ಪ ತಿರುವೊಟ್ಟಿಯೂರಿನ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಇಡೀ ಸರ್ವಿಸ್ ಕಳೆದವರು.

"ಇಷ್ಟೇ ತಾನೇ?" ಎಂದರು. "ಒಳಗೆ ಮಾಲು ಬರ್ತಾನೇ ಇದೆ, ಇಶ್ಯೂ ಮಾಡೋನು ಇಲ್ಲ. ಹೊರಗೆ ಹೋಗಬೇಕಾದ್ರೆ ಗೇಟ್ ಪಾಸ್ ಬೇಕು. ಇದು ಗೇಟ್ ಪಾಸ್. ಇದಕ್ಕೆ ಚಿತ್ರ ಬೇರೆ ಬರೀತಾಳೆ!"

ಅಂದಿನಿಂದ ಮನೆಯಲ್ಲಿ ಆ ಮಾತ್ರೆಗೆ ಅದೇ ಹೆಸರಾಯಿತು. "ಗೇಟ್ ಪಾಸ್ ಆಯ್ತಾ ರೀ?" ಎಂದು ಅಮ್ಮ ಹಾಸಿಗೆ ಮಡಿಸುತ್ತಾ ಕೇಳುತ್ತಿದ್ದಳು.

ಮಜ್ಜೆಯನ್ನು ಮತ್ತೆ ಪರೀಕ್ಷೆಗೆ ಕೊಟ್ಟಿದ್ದೆವು. ವರದಿ ಬಂದ ದಿನ ನಾನೂ ಅಪ್ಪನ ಜೊತೆ ಹೋದೆ. ಡಾಕ್ಟರು ಅದನ್ನು ಓದಿ ಮುಗಿಸಿ ಅಪ್ಪನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದರು: "ಇನಿಮೇ ಅಂದ ಮಾತ್ತಿರೈ ವೇಂಡಾಂ, ಸಾರ್." ಇನ್ನು ಆ ಮಾತ್ರೆ ಬೇಡ.

"ಅಪ್ಪಾಡಾ!" ಎಂದು ಅಪ್ಪ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಹಾಗಾದ್ರೆ ಕಾಫಿ?"

ಯಾವಾಗ ಬೇಕಾದರೂ ಕುಡಿಯಿರಿ ಎಂದು ಡಾಕ್ಟರು ನಕ್ಕರು. ನರ್ಸ್ ಬಂದು ತೂಕ ನೋಡಲು ಅಪ್ಪನನ್ನು ಕರೆದುಕೊಂಡು ಹೋದರು. ಕಬ್ಬಿಣ ಕಡಿಮೆಯಾಗಿದೆಯೇ ಎಂದು ನಾನು ಕೇಳಿದೆ.

ಇಲ್ಲ ಎಂದರು ಡಾಕ್ಟರು. ಕಾಯಿಲೆ ರಕ್ತದ ಕ್ಯಾನ್ಸರಾಗಿ ತಿರುಗಿದೆ. ಅಪ್ಪನ ವಯಸ್ಸಿಗೆ, ಅವರ ಈ ಶಕ್ತಿಗೆ, ದೊಡ್ಡ ಚಿಕಿತ್ಸೆ ಕೊಡುವ ಹಾಗಿಲ್ಲ. "ಕಬ್ಬಿಣ ಹೃದಯವನ್ನು ಕೆಡಿಸುವುದಕ್ಕೆ ವರ್ಷಗಳು ಬೇಕು," ಎಂದು ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು. ವರದಿಯನ್ನು ಮಡಿಸುತ್ತಾ, "ಮಾತ್ರೆಯಿಂದಾಗುವ ಹೊಟ್ಟೆ ಸಂಕಟವಾದರೂ ತಪ್ಪಲಿ," ಎಂದರು.

ಆ ಮಾತ್ರೆ ಮುಂದಿನ ವರ್ಷಗಳಿಗಾಗಿ ಕುಡಿಯುವಂಥದ್ದು. ಅಪ್ಪನಿಗೆ ಇನ್ನು ಉಳಿದಿದ್ದದ್ದು ತಿಂಗಳುಗಳು.

ಎಲೆಕ್ಟ್ರಿಕ್ ಟ್ರೈನಿನಲ್ಲಿ ಅಪ್ಪನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾನು ಎದುರಿಗೆ ಕೂತು ಅವರ ಸಂತೋಷವನ್ನು ನೋಡುತ್ತಿದ್ದೆ. ಹೇಳುವುದು ಹೇಗೆ, ಮೊದಲು ಅಪ್ಪನಿಗೋ ಅಮ್ಮನಿಗೋ, ಒಂದೂ ತಿಳಿಯುತ್ತಿರಲಿಲ್ಲ. ಸೈದಾಪೇಟೆ ದಾಟಿದ ಮೇಲೆ ಅವರೇ ಕೇಳಿದರು.

"ಪುಟ್ಟೀ, ಸ್ಟಾಕ್ ಏನಾದ್ರೂ ಕಮ್ಮಿ ಆಗಿದೆಯಂತಾ?"

"ಇಲ್ಲಪ್ಪ."

ಹೊರಗೆ ನೋಡುತ್ತಲೇ ಇದ್ದರು. "ಸೆರಿ. ಹಾಗಾದ್ರೆ ಗೋಡೌನೇ ಮುಚ್ಚೋ ಹಾಗಿದೆ."

ನಾನು ಅಲ್ಲವೆನ್ನಲಿಲ್ಲ. ಕಡಲೆಕಾಯಿ ಮಾರುವವನು ಕೂಗುತ್ತಾ ನಮ್ಮ ಪಕ್ಕದಲ್ಲೇ ಹಾದುಹೋದ. ಅವನು ದೂರ ಹೋದ ಮೇಲೆ ಅಪ್ಪ ಬಗ್ಗಿ ಹೇಳಿದರು: "ಅಮ್ಮಂಗೆ ನಾನೇ ಹೇಳ್ತೀನಿ. ಇವತ್ತು ಬೇಡ. ನೀನು ಮುಖ ಒರೆಸ್ಕೋ, ಅವಳು ಬಾಗಿಲಲ್ಲೇ ಹಿಡೀತಾಳೆ."

ಅಮ್ಮ ಬಾಗಿಲಲ್ಲೇ ಇದ್ದಳು. "ಏನಂದ್ರು?"

"ನಾಳೆಯಿಂದ ಗೇಟ್ ಪಾಸ್ ಬೇಡ್ವಂತೆ ಕಣೇ!"

"ನಿಜವಾಗ್ಲೂ?" ಅವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅದು ಸುಳ್ಳೇನೂ ಆಗಿರಲಿಲ್ಲ. "ನಾನು ಹೇಳ್ಲಿಲ್ವಾ, ಪೆರುಮಾಳ್ ಕೈ ಬಿಡಲ್ಲ ಅಂತ," ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ದೇವರ ಮುಂದೆ ದೀಪ ಹಚ್ಚಲು ಹೋದಳು. ಅಪ್ಪ ಚಪ್ಪಲಿ ಬಿಡುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು. ನಾನು ಕಾಲು ತೊಳೆಯಲು ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟೆ.

ಮರುದಿನ ಬೆಳಿಗ್ಗೆ ಅಮ್ಮನಿಗಿಂತ ಮುಂಚೆ ಎದ್ದೆ. ಮಾತ್ರೆ ಕದಡುವ ಗಾಜಿನ ಲೋಟ ಎಂದಿನ ಜಾಗದಲ್ಲಿ ಬೋರಲಾಗಿತ್ತು. ಅದನ್ನು ತೆಗೆದು ಕಪಾಟಿನ ಹಿಂದಕ್ಕೆ ಸರಿಸಿಟ್ಟೆ. ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಡಬರಾದಲ್ಲಿ ಎತ್ತಿ ಹೊಯ್ದು ನೊರೆ ಬರಿಸಿದೆ. ಅಪ್ಪ ಹಲ್ಲುಜ್ಜಿ ಬಂದು ಕೂತು, ಅಭ್ಯಾಸದಂತೆ ಗಡಿಯಾರ ನೋಡಿದರು. ನಾನು ಕಾಫಿ ಅವರ ಕೈಗಿಟ್ಟು, ಆರಿ ಹೋಗುತ್ತೆ ಅಪ್ಪ, ಕುಡೀರಿ ಎಂದೆ.