ನಿಂತಾಗ ಕಾಣುವ ಬಣ್ಣ

ಎದುರುಮನೆಯ ಗಾಡಿ ಸಾಹೇಬರು ಮೊನ್ನೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟನ್ನು ತಂದುಕೊಟ್ಟರು. ಗಂಟು ಸಡಿಲಿಸಿದೊಡನೆ ಒಣಗಿದ ಮೈದಾ ಅಂಟಿನ ಹುಳಿ ವಾಸನೆ ಬಂತು. ಒಳಗೇನಿದೆಯೆಂದು ನೋಡುವ ಮೊದಲೇ ಪಟದ ಮಾಸ್ತರು ನೆನಪಾದರು.

ಅವರು ಹಾವೇರಿ ಕಡೆಯವರು. ಶಾಲೆಯಲ್ಲಿ ಚಿತ್ರ ಕಲಿಸುವ ಕೆಲಸ ಬಿಟ್ಟು ಶಿರಸಿಗೆ ಬಂದು, ಸಾಹೇಬರ ಗಾಡಿ ನಿಲ್ಲಿಸುವ ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಗಾಳಿಪಟ ಮಾಡತೊಡಗಿದ್ದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಮೊದಲ ವರ್ಷವೇ ಅವರ ಎಣಿಕೆ ತಪ್ಪಿತು. ಅವರ ಸೀಮೆಯಲ್ಲಿ ಪಟ ಹಾರುವುದು ಆಷಾಢದ ಗಾಳಿಗೆ. ಅದೇ ಲೆಕ್ಕದಲ್ಲಿ ಕೋಣೆ ತುಂಬ ಪಟ ಕಟ್ಟಿಟ್ಟು ಕಾದರು. ನಮ್ಮಲ್ಲಿ ಆಷಾಢದ ಮಳೆಗೆ ಕಾಗದ ಕೋಣೆಯೊಳಗೇ ನೆನೆದು ಜೋಲುತ್ತಿತ್ತು.

“ಮಾಸ್ತರೇ, ಕೊಡೆ ಮಾಡಿದ್ರೆ ಒಂದಾದ್ರೂ ಖರ್ಚಾಗ್ತಿತ್ತು” ಎಂದರು ಸಾಹೇಬರು.

“ಗಾಳಿ ಅಂತೂ ಐತಲ್ರಿ. ಪಟ ಹೊರಗ ಹೋಗದಿದ್ರ ಗಾಳೀನ ಒಳಗ ಕರಿಯೂಣು.”

ಆಮೇಲೆ ಅವರು ಮಾಡಿದ್ದೆಲ್ಲ ಕಿಟಕಿ ಜಗಲಿಗಳ ಗಾಳಿಗೆ: ಕಾಗದದ ಎಸಳುಗಳು ಗಿರ್ರನೆ ತಿರುಗುವ ಗಿರಿಗಿಟ್ಲೆಗಳು, ಬಿದಿರುಕಡ್ಡಿಗೆ ತೂಗಿ ಒಂದನ್ನೊಂದು ತಾಗದೆ ಸುತ್ತುವ ಕಾಗದದ ಮೀನುಗಳು... ಯಲ್ಲಾಪುರದ ಗಾಡಿಯವರು ಗಿರಿಗಿಟ್ಲೆಯನ್ನು ಗಾಡಿಗೇ ಕಟ್ಟಿಕೊಂಡು ಹೋಗುತ್ತಿದ್ದರು. ಶಾಲೆ ಬಿಟ್ಟೊಡನೆ ನಾನು ಅಲ್ಲಿರುತ್ತಿದ್ದೆ. “ಕೂಸೇ, ನಿಂಗೆ ಅಲ್ಲಿ ಎಂತ ಕೆಲ್ಸ ಇದ್ದು?” ಎಂದು ಅಮ್ಮ ಕೇಳಿದರೆ ನನಗೂ ತಿಳಿಯುತ್ತಿರಲಿಲ್ಲ.

ಅವು ಕರನಿರಾಕರಣೆಯ ದಿನಗಳು. ಸಿದ್ದಾಪುರದ ಕಡೆಯಿಂದ ಪೊಲೀಸರು ಜನರನ್ನು ಹಿಡಿದು ತರುತ್ತಿದ್ದರು. ಕೇಸರಿ, ಬಿಳಿ, ಹಸಿರು ಒಟ್ಟಿಗೆ ಕಂಡರೆ ಜೈಲು ಎಂಬ ಮಾತಿತ್ತು. ಊರಿನ ಕೆಲವು ತರುಣರು ಬಂದು ಆ ಬಣ್ಣಗಳ ಪಟವೊಂದನ್ನು ಕೇಳಿದರು. “ನನಗ ಅದೆಲ್ಲಾ ಬ್ಯಾಡ್ರಪಾ” ಎಂದುಬಿಟ್ಟರು ಮಾಸ್ತರು. ಪುಕ್ಕಲ ಎಂದು ಅವರಿಗೆ ಕೇಳುವಂತೆಯೇ ಹೇಳಿ ತರುಣರು ಮೆಟ್ಟಿಲಿಳಿದರು.

ಕೆಲವು ದಿನಗಳ ಮೇಲೆ ಬೀದಿಯ ಕಡೆಯ ಕಿಟಕಿಯಲ್ಲಿ ದೊಡ್ಡದೊಂದು ಗಿರಿಗಿಟ್ಲೆ ಕಂಡಿತು. ಅದೇ ಮೂರು ಬಣ್ಣ. ಗಾಳಿ ಬೀಸಿದರೆ ಬಣ್ಣಗಳು ಕಲೆತು ಮಸುಕಾದ ಒಂದು ತಟ್ಟೆಯಾಗುತ್ತಿತ್ತು. ನಿಂತರೆ ಮಾತ್ರ...

“ಮಾಸ್ತರೇ, ಇದು?” ಎಂದೆ.

“ಉಳಿದದ್ದು ಈ ಬಣ್ಣದ ಕಾಗದ ಅಷ್ಟ, ತಂಗಿ.”

ಒಂದು ಮಧ್ಯಾಹ್ನ ನಾನಲ್ಲಿ ಅಂಟು ಕಲಸುತ್ತಿದ್ದಾಗ ಹವಾಲ್ದಾರರು ಮೇಲೆ ಹತ್ತಿ ಬಂದರು. ಏನೇನು ಮಾಡುತ್ತೀರಿ, ಯಾರು ಯಾರು ಬರುತ್ತಾರೆ ಎಂದು ಕೇಳುತ್ತ ಕಿಟಕಿಯ ಮುಂದೆ ನಿಂತರು. ಗಾಳಿ ಕಡಿಮೆಯಾಗುತ್ತ ಬಂತು. ತಟ್ಟೆಯೊಳಗಿಂದ ಎಸಳುಗಳು ಒಂದೊಂದಾಗಿ ಬೇರೆಯಾದವು. ಮಾಸ್ತರು ತಲೆಯೆತ್ತದೆ ಬಿದಿರು ಹೆರೆಯುತ್ತಲೇ ಇದ್ದರು. ಹವಾಲ್ದಾರರು ನೋಡಿದರು. ನೋಡಿದರೆಂದೇ ನನಗೆ ಈಗಲೂ ಅನಿಸುತ್ತದೆ. ಅವರು ಎದುರು ಗೋಡೆಗೆ ಹೋಗಿ, ಮುಚ್ಚಿದ್ದ ಇನ್ನೊಂದು ಕಿಟಕಿಯ ಅಗುಳಿ ಎಳೆದರು. ಗಾಳಿ ಹಾಯ್ದು ಗಿರಿಗಿಟ್ಲೆ ಮತ್ತೆ ತಟ್ಟೆಯಾಯಿತು.

“ಭಾಳ ಸೆಕಿ ಐತಿ. ಇದನ್ನ ಮುಚ್ಚಬ್ಯಾಡ್ರಿ” ಎಂದು ಹೇಳಿ ಕೆಳಗಿಳಿದರು.

ಮಾಸ್ತರ ಹೆಬ್ಬೆರಳಲ್ಲಿ ರಕ್ತ ಇತ್ತು. ಹೆದರಿಕೆಗೋ, ಆಗಾಗ ಕತ್ತಿ ತಾಗುತ್ತಿದ್ದ ಹಾಗೆ ತಾಗಿದ್ದೋ... ಕೇಳಲಿಲ್ಲ. ಆ ಬೇಸಗೆಯಲ್ಲೇ ಅವರು ಕೋಣೆ ಬಿಟ್ಟು ಹೊರಟುಹೋದರು. ಮುಂದೆ ನಾನು ಓದಲು ಧಾರವಾಡಕ್ಕೆ ಹೋಗಿ, ವರ್ಷಗಳ ಮೇಲೆ ಊರಿಗೆ ಮರಳಿದೆ.

“ಬೇಟಿ, ಮಾಸ್ತರು ತೀರಿಕೊಂಡ್ರಂತೆ. ಇದು ಅವರ ಕೋಣೆಯ ಮಾಡಿನ ಸಂದಿಯಲ್ಲಿತ್ತು, ನೀನೇ ಇಟ್ಕೊ” ಎಂದರು ಸಾಹೇಬರು ಮೊನ್ನೆ.

ಈಗ ಸ್ವರಾಜ್ಯ ಬಂದು ಆ ಬಣ್ಣಗಳು ಪೇಟೆಯಲ್ಲಿ ಬಹಿರಂಗವಾಗಿಯೇ ಹಾರುತ್ತಿವೆ. ಯಾರನ್ನು ಬೇಕಾದರೂ ಏನು ಬೇಕಾದರೂ ಕೇಳಬಹುದು. ಕಟ್ಟಿನೊಳಗಿದ್ದ ಆ ಗಿರಿಗಿಟ್ಲೆಯನ್ನು ನನ್ನ ಕಿಟಕಿಗೆ ಕಟ್ಟಿ ನೋಡಿದೆ. ಒಂದು ಎಸಳು ನೀಲಿ. ನನ್ನ ನೆನಪಿನಲ್ಲಿ ನೀಲಿ ಇಲ್ಲ. ಹರಿದದ್ದಕ್ಕೆ ಆಮೇಲೆ ಹಚ್ಚಿದ್ದೋ, ಅಥವಾ ಆ ದಿನವೂ ಇದ್ದು, ಹೆದರಿದ ಕಣ್ಣಿಗೆ ಮೂರೇ ಕಂಡವೋ... ಹೇಳಬೇಕಾದವರು ಇಲ್ಲ.

ಇಂದು ಗಾಳಿಯೂ ಇಲ್ಲ. ಎದುರಿನ ಕಿಟಕಿಯನ್ನೂ ತೆರೆದಿಟ್ಟಿದ್ದೇನೆ.