ಅಂಗೈಗೆ ಕೇಳಿಸಿದ ಸದ್ದು

ಭದ್ರಾವತಿ ಹತ್ತಿರ ಬರುವಾಗ, ಸ್ಟೇರಿಂಗ್ ತಿರುಗಿಸಿದಾಗೆಲ್ಲ ಕಾರಿನ ಮುಂದಿನ ಚಕ್ರದಿಂದ ‘ಟಪ್’ ಅಂತ ಸದ್ದು ಶುರುವಾಯಿತು. ಸಂಜೆಯೊಳಗೆ ಆಗುಂಬೆ ಘಾಟಿ ಇಳಿಯಬೇಕಿದ್ದ ನಮಗೆ ಭಯವಾಗಿ, ಕಾಗದನಗರದ ದಾರಿಯಲ್ಲಿ ಕಂಡ ಗ್ಯಾರೇಜಿನ ಮುಂದೆ ನಿಲ್ಲಿಸಿದೆವು. ಮೆಕ್ಯಾನಿಕ್ ರಹಮತ್ ಸಾಹೇಬರಿಗೆ ಅರವತ್ತು ದಾಟಿರಬೇಕು. ಸದ್ದು ಹೇಗಿದೆ ಅಂತ ನಾನು ವಿವರಿಸತೊಡಗಿದರೆ ಅವರ ತಮ್ಮ ತಡೆದರು.

“ಅಣ್ಣಂಗೆ ಕಿವಿ ಕೇಳ್ಸಲ್ಲ ಸಾರ್. ನೀವು ಸ್ಟೇರಿಂಗ್ ತಿರುಗ್ಸಿ, ಸಾಕು.”

ಪಕ್ಕದಲ್ಲಿ ಕೂತಿದ್ದ ಹೆಂಡತಿ ನನ್ನ ಮುಖ ನೋಡಿದಳು. ಸಾಹೇಬರು ಚಕ್ರದ ಹಿಂದೆ ಕೈ ತೂರಿಸಿ ಒಂದೊಂದೇ ಭಾಗದ ಮೇಲೆ ಅಂಗೈ ಇಟ್ಟು ನೋಡಿದರು. ನಾನು ತಿರುಗಿಸುತ್ತ ಹೋದೆ. ನಾಲ್ಕನೇ ಸಲ ‘ಟಪ್’ ಅಂದದ್ದೇ ಅವರು ತಲೆಯೆತ್ತಿ ನಕ್ಕರು. ಜಾಕ್ ಏರಿಸಿ, ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಬಿಚ್ಚಿ ನನ್ನ ಕೈಗಿಟ್ಟರು. ಪೂರ್ತಿ ಸವೆದು ಲೊಡಲೊಡ ಅಲ್ಲಾಡುತ್ತಿತ್ತು.

“ಘಾಟೀಲಿ ಚಕ್ರಾನೇ ಕಳಚ್ಕೊಂಡ್ಬಿಡ್ತಿತ್ತು,” ಅಂದರು ತಮ್ಮ. ಪೇಟೆಗೆ ಹೋಗಿ ಹೊಸದು ತಂದರು.

ಅದನ್ನು ಕೂರಿಸಿದ ಮೇಲೆ ಸಾಹೇಬರು ಅದರ ಮೇಲೆ ಅಂಗೈ ಇಟ್ಟು, ಮತ್ತೆ ತಿರುಗಿಸಲು ಸನ್ನೆ ಮಾಡಿದರು. ಎರಡೂ ಕಡೆ ಪೂರ್ತಿ ತಿರುಗಿಸಿದೆ. ಸದ್ದಿಲ್ಲ ಅಂತ ನನ್ನ ಕಿವಿಗೇ ಗೊತ್ತಾಗಿತ್ತು. ಆದರೂ ಅವರು ಅಂಗೈ ತೆಗೆದು, ಸರಿಯಾಯಿತು ಅಂತ ತಲೆಯಾಡಿಸುವವರೆಗೆ ನಾನು ಹೊರಡಲಿಲ್ಲ.